ರಸವಿಘ್ನವೂ ಮುನ್ಸೂಚನೆಯೂ: ಅಭಿಮಾನಿ ಸಾಹಿತ್ಯದ ಒಂದು ಪದ್ಧತಿಯ ವಿಮರ್ಶೆ

ಭರತನ ರಸಸೂತ್ರವನ್ನು ವ್ಯಾಖ್ಯಾನಿಸುವಾಗ ಅಭಿನವಗುಪ್ತನು ರಸಪ್ರತೀತಿಗೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಮೂರನೆಯದು ನಿಜಸುಖಾದಿವಿವಶೀಭಾವ. ಎಂದರೆ ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿ, ಎದುರಿಗಿರುವ ವಸ್ತುವಿನಲ್ಲಿ ಮನಸ್ಸನ್ನು ನಿಲ್ಲಿಸಲಾರದೆ ಹೋಗುವುದು. ನಾಲ್ಕನೆಯದು ಪ್ರತೀತ್ಯುಪಾಯವೈಕಲ್ಯ, ವಸ್ತುವು ಪ್ರೇಕ್ಷಕನಿಗೆ ಗೋಚರವಾಗುವುದಕ್ಕೆ ಬೇಕಾದ ಸಾಧನದಲ್ಲಿಯೇ ಕೊರತೆಯಿರುವುದು. ಅಲಂಕಾರಶಾಸ್ತ್ರದ ತರಗತಿಗಳಲ್ಲಿ ಈ ಎರಡು ಹೆಸರುಗಳನ್ನು ಹೇಳಿಕೊಟ್ಟು ಸಾಮಾನ್ಯವಾಗಿ ಮುಂದಕ್ಕೆ ಹೋಗುವುದುಂಟು. ಸಾಧಾರಣೀಕರಣದ ಚರ್ಚೆಗೆ ಸಲ್ಲುವಷ್ಟು ಗಮನವು ಇವಕ್ಕೆ ಸಲ್ಲುವುದಿಲ್ಲ. ಆದರೆ ಈ ಎರಡು ವಿಘ್ನಗಳನ್ನೇ ಮುಂದಿಟ್ಟುಕೊಂಡು, ಅವುಗಳ ಶಾಸ್ತ್ರೀಯ ನಾಮಗಳನ್ನು ಕೇಳಿಯೂ ಅರಿಯದ ಒಂದು ದೊಡ್ಡ ವಾಚಕವೃಂದವು, ಕಳೆದ ಅರ್ಧ ಶತಮಾನದಿಂದ ಪಾಶ್ಚಾತ್ಯ ದೇಶಗಳಲ್ಲಿ ತನ್ನದೇ ಆದ ಒಂದು ಆಚಾರಸಂಹಿತೆಯನ್ನು ಕಟ್ಟಿಕೊಂಡು ಬಂದಿದೆ. ಅಂತರ್ಜಾಲದ ಅಭಿಮಾನಿ ಸಾಹಿತ್ಯದಲ್ಲಿ ಪ್ರತಿಯೊಂದು ಕಥೆಯ ಮೊದಲಿಗೂ ಸೇರಿಸುವ ಮುನ್ಸೂಚನೆಯೇ ಆ ಆಚಾರ. ಅದರ ಗುಣವೆಷ್ಟು, ಕೊರತೆಯೆಷ್ಟು ಎಂಬುದು ವಿಚಾರಾರ್ಹವಾದುದು.

ಅಭಿಮಾನಿ ಸಾಹಿತ್ಯವೆಂದರೆ, ಪ್ರಸಿದ್ಧವಾದ ಕಾದಂಬರಿ, ಚಲಚ್ಚಿತ್ರ, ದೂರದರ್ಶನದ ಕಥಾಮಾಲೆ ಮೊದಲಾದುವುಗಳಲ್ಲಿ ಮನಸೋತ ವಾಚಕರು ಅಲ್ಲಿನ ಪಾತ್ರಗಳನ್ನೂ ಪ್ರಪಂಚವನ್ನೂ ಎತ್ತಿಕೊಂಡು, ಧನಾಪೇಕ್ಷೆಯಿಲ್ಲದೆ, ತಮ್ಮೊಳಗೆ ಓದಿಕೊಳ್ಳುವುದಕ್ಕಾಗಿ ಬರೆದ ಕಥೆಗಳ ರಾಶಿ. ಇಂಗ್ಲಿಷಿನಲ್ಲಿ ಇದಕ್ಕೆ ಫ್ಯಾನ್ ಫಿಕ್ಷನ್ ಎಂದು ಹೆಸರು. ಹಳೆಯ ಕಥೆಯನ್ನು ಹೊಸದಾಗಿ ಹೇಳುವ ವ್ಯವಸಾಯವು ಪಂಪರನ್ನರನ್ನು ಓದಿದವರಿಗೆ ಅಪರಿಚಿತವೇನೂ ಅಲ್ಲ. ಅಮೆರಿಕದಲ್ಲಿ ೧೯೬೬ರಲ್ಲಿ ಪ್ರಸಾರವಾಗತೊಡಗಿದ ಸ್ಟಾರ್ ಟ್ರೆಕ್ ಎಂಬ ಕಥಾಮಾಲೆಯ ಅಭಿಮಾನಿಗಳು ಮರುವರ್ಷವೇ ಸ್ಪಾಕನೇಲಿಯ ಎಂಬ ಕೈಪತ್ರಿಕೆಯನ್ನು ಹೊರಡಿಸಿದರು. ಅಂದಿನಿಂದ ಇಂತಹ ಪತ್ರಿಕೆಗಳು ಅಂಚೆಯ ಮೂಲಕ ಕೈಯಿಂದ ಕೈಗೆ ಹರಿದಾಡಿದುವು. ವಾಚಕರ ಸಂಖ್ಯೆ ಚಿಕ್ಕದಾಗಿದ್ದ ಆ ಕಾಲದಲ್ಲಿ ಮುನ್ಸೂಚನೆಯ ಸಮಸ್ಯೆಯೂ ಚಿಕ್ಕದಾಗಿತ್ತು. ಶೃಂಗಾರವು ಮಿತಿಮೀರಿದ ಸಂಚಿಕೆಯನ್ನು ತರಿಸಿಕೊಳ್ಳುವವನು ತಾನು ಪ್ರಾಪ್ತವಯಸ್ಕನೆಂದು ಬರೆದುಕೊಟ್ಟರೆ ಸಾಕಾಗುತ್ತಿತ್ತು.

ಅಂತರ್ಜಾಲವು ಬಂದ ಮೇಲೆ ಈ ಸ್ಥಿತಿ ಉಳಿಯಲಿಲ್ಲ. ೧೯೯೮ರಲ್ಲಿ ಸ್ಥಾಪಿತವಾದ ಫ್ಯಾನ್‌ಫಿಕ್ಷನ್ ಡಾಟ್ ನೆಟ್ ಎಂಬ ಕಥಾಕೋಶಕ್ಕೆ ಯಾರು ಬೇಕಾದರೂ ಬರಬಹುದಾಗಿದ್ದಿತು. ೨೦೦೨ರಲ್ಲಿ ಅದರ ಆಡಳಿತದವರು ವಯಸ್ಕರಿಗೆ ಮಾತ್ರವೆಂದು ಗುರುತಾಗಿದ್ದ ಕಥೆಗಳನ್ನೆಲ್ಲ ಅಲ್ಲಿಂದ ಬಹಿಷ್ಕರಿಸಿದರು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ವಾಚಕನಿಗೆ ನೆರವಾಗಲೆಂದು ಕರ್ತೃವು ತಾನಾಗಿ ಇಟ್ಟುಕೊಂಡ ಗುರುತೇ ಬಹಿಷ್ಕಾರಕ್ಕೆ ಕೈಮರವಾಯಿತು. ಪ್ರಾಮಾಣಿಕನಾಗಿ ಸೂಚಿಸಿದವನು ಹೊರಬಿದ್ದನು, ಸೂಚಿಸದೆ ಬರೆದವನು ಉಳಿದನು. ೨೦೦೭ರ ಮೇ ತಿಂಗಳಲ್ಲಿ ಲೈವ್‌ಜರ್ನಲ್ ಎಂಬ ದಿನಚರಿತಾಣದಲ್ಲಿ ನಡೆದುದು ಇದಕ್ಕಿಂತಲೂ ವಿಲಕ್ಷಣವಾಗಿದೆ. ಆಸಕ್ತಿಯ ವಿಷಯಗಳೆಂದು ಸದಸ್ಯರು ಬರೆದುಕೊಂಡಿದ್ದ ಪದಗಳನ್ನೇ ಆಧಾರವಾಗಿಟ್ಟುಕೊಂಡು ನೂರಾರು ಖಾತೆಗಳನ್ನು ಅಲ್ಲಿ ಒಮ್ಮೆಗೇ ರದ್ದುಪಡಿಸಲಾಯಿತು. ಹಾಗೆ ರದ್ದಾದವುಗಳಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದವರು ಪರಸ್ಪರ ಸಾಂತ್ವನಕ್ಕೆ ಕಟ್ಟಿಕೊಂಡ ಗೋಷ್ಠಿಗಳೂ, ನಬಕಫ್‌ನ ಲೋಲಿತಾ ಕಾದಂಬರಿಯನ್ನು ಸ್ಪ್ಯಾನಿಷ್ ಭಾಷೆಯಲ್ಲಿ ಚರ್ಚಿಸುತ್ತಿದ್ದ ಒಂದು ಕೂಟವೂ ಸೇರಿದ್ದುವು. ಪದವನ್ನು ಕಂಡು ಅರ್ಥವನ್ನು ಕಾಣದವರ ಕೈಯಲ್ಲಿ ಸೂಚನೆಯೆಂಬುದು ಏನಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ಬೇಕಾಗಿಲ್ಲ.

ಈ ಪ್ರಕರಣದ ಅದೇ ಕಾಲದಲ್ಲಿ ಅಭಿಮಾನಿಗಳು ತಮ್ಮ ಸ್ವಂತದ ಕಥಾಭಂಡಾರವೊಂದು ಬೇಕೆಂದು ನಿಶ್ಚಯಿಸಿದರು. ೨೦೦೭ರಲ್ಲಿ ಆರ್ಗನೈಸೇಷನ್ ಫಾರ್ ಟ್ರಾನ್ಸ್‌ಫಾರ್ಮೇಟಿವ್ ವರ್ಕ್ಸ್ ಎಂಬ ಲಾಭೋದ್ದೇಶರಹಿತ ಸಂಸ್ಥೆಯು ಹುಟ್ಟಿತು. ಅದರ ಆರ್ಕೈವ್ ಆಫ್ ಅವರ್ ಓನ್ ಎಂಬ ಭಂಡಾರವು ೨೦೦೯ರ ನವೆಂಬರಿನಲ್ಲಿ ಎಲ್ಲರಿಗೂ ತೆರೆಯಿತು. ವರ್ಜೀನಿಯಾ ವುಲ್ಫಳು ೧೯೨೯ರಲ್ಲಿ ಪ್ರಕಟಿಸಿದ ಪ್ರಬಂಧದ ಹೆಸರನ್ನು ಇದು ನೆನಪಿಗೆ ತರುವುದು ಆಕಸ್ಮಿಕವಲ್ಲ. ಸ್ವಯಂಸೇವಕರಿಂದಲೇ ನಡೆಯುವ ಈ ಭಂಡಾರಕ್ಕೆ ೨೦೧೯ರಲ್ಲಿ ಹ್ಯೂಗೋ ಪ್ರಶಸ್ತಿಯು ಸಂದಿತು. ಇಂದು ಅದರಲ್ಲಿ ಒಂದು ಕೋಟಿಗೂ ಮಿಕ್ಕ ಕೃತಿಗಳಿವೆ. ಮುನ್ಸೂಚನೆಯ ಪದ್ಧತಿಯು ಅತ್ಯಂತ ವಿವೇಚನೆಯಿಂದ ರೂಪುಗೊಂಡಿರುವುದು ಇಲ್ಲಿಯೇ ಆದುದರಿಂದ, ಮುಂದಿನ ಪರಿಶೀಲನೆಯು ಮುಖ್ಯವಾಗಿ ಇದನ್ನೇ ಆಶ್ರಯಿಸಿದೆ.

ಭಂಡಾರಕ್ಕೆ ಕಥೆಯನ್ನು ಸೇರಿಸುವವನು ಅದರ ಮೇಲೆ ಎರಡು ಬಗೆಯ ಗುರುತುಗಳನ್ನು ಕಡ್ಡಾಯವಾಗಿ ಇಡಬೇಕು. ಮೊದಲನೆಯದು ವಾಚಕವರ್ಗವನ್ನು ತಿಳಿಸುವ ಶ್ರೇಣಿ; ಅದರ ವಿಚಾರವು ಚಲಚ್ಚಿತ್ರಗಳಿಂದ ಎಲ್ಲರಿಗೂ ತಿಳಿದಿರುವುದರಿಂದ ಬೆಳೆಸಬೇಕಾದುದಿಲ್ಲ. ಎರಡನೆಯದು ಎಚ್ಚರಿಕೆ. ಹಿಂಸೆಯ ವಿಶದವಾದ ವರ್ಣನೆ, ಪ್ರಧಾನಪಾತ್ರದ ಮರಣ, ಬಲಾತ್ಕಾರ, ಅಪ್ರಾಪ್ತವಯಸ್ಕರ ಲೈಂಗಿಕ ವ್ಯವಹಾರ, ಈ ನಾಲ್ಕರಲ್ಲಿ ಯಾವುದಾದರೂ ಕಥೆಯಲ್ಲಿದ್ದರೆ ಅದನ್ನು ಹೇಳಬೇಕು. ಯಾವುದೂ ಇಲ್ಲದಿದ್ದರೆ ಇಲ್ಲವೆಂದು ಹೇಳಬೇಕು. ಇದರ ಜೊತೆಗೆ ಇನ್ನೊಂದು ಆಯ್ಕೆಯೂ ಉಂಟು: ಕರ್ತೃವು ಎಚ್ಚರಿಕೆಗಳನ್ನು ಕೊಡದಿರಲು ನಿಶ್ಚಯಿಸಿದ್ದಾನೆ ಎಂಬುದು. ಈ ಕಡೆಯ ಗುರುತು ಇಡೀ ಪದ್ಧತಿಯ ಬುದ್ಧಿಕೌಶಲವನ್ನು ತನ್ನಲ್ಲಿ ಅಡಗಿಸಿಕೊಂಡಿದೆ. ಇತರ ಸ್ಥಳಗಳಲ್ಲಿ ಕರ್ತೃವಿನ ಮೌನಕ್ಕೆ ಅರ್ಥವನ್ನು ಕಟ್ಟುವುದು ಅಸಾಧ್ಯ. ಕಥೆಯಲ್ಲಿ ಭಯಪಡತಕ್ಕದ್ದು ಏನೂ ಇಲ್ಲವೋ, ಇದ್ದೂ ಹೇಳಲಿಲ್ಲವೋ, ಹೇಳಬೇಕೆಂದು ತೋರಲೇ ಇಲ್ಲವೋ ವಾಚಕನಿಗೆ ತಿಳಿಯದು. ಇಲ್ಲಿಯಾದರೋ ಮೌನವೇ ಒಂದು ವಚನವಾಗಿದೆ. ತನ್ನ ಕಥೆಯ ಆಕಸ್ಮಿಕತೆಯನ್ನು ಕಾಪಾಡಿಕೊಳ್ಳುವ ಕರ್ತೃವಿನ ಹಕ್ಕೂ, ಅಂತಹ ಕಥೆಯಿಂದ ದೂರವಿರುವ ವಾಚಕನ ಹಕ್ಕೂ ಒಂದೇ ವಾಕ್ಯದಲ್ಲಿ ಉಳಿದುಕೊಂಡಿವೆ. ಏನನ್ನೂ ಹೇಳದೆಯೇ ಸುಳ್ಳನ್ನಾಡದೆ ಇರುವ ಉಪಾಯವಿದು.

ಇದನ್ನು ನಿಷೇಧದೊಡನೆ ಬೆರಸಬಾರದು. ಸಂಸ್ಕೃತ ನಾಟ್ಯಶಾಸ್ತ್ರಕಾರರು ವಧೆ, ಯುದ್ಧ, ರಾಜ್ಯಭ್ರಂಶ, ನಗರನಿರೋಧ ಮೊದಲಾದುವನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಬಾರದೆಂದೂ, ಕಥೆಗೆ ಅಗತ್ಯವಾದರೆ ವಿಷ್ಕಂಭ ಪ್ರವೇಶಕಾದಿ ಅರ್ಥೋಪಕ್ಷೇಪಕಗಳಿಂದ ಸೂಚಿಸಿಬಿಡಬೇಕೆಂದೂ ವಿಧಿಸಿದರು. ಭಾಸನ ಊರುಭಂಗದಲ್ಲಿ ದುರ್ಯೋಧನನು ರಂಗದ ಮೇಲೆಯೇ ಪ್ರಾಣಬಿಡುವನಾದರೂ ಅದು ವಿಧಿಗೆ ಅಪವಾದವೆಂದೇ ಎಣಿಕೆ. ಅಲ್ಲಿ ಸೂಚನೆಯು ದರ್ಶನದ ಸ್ಥಾನವನ್ನು ಆಕ್ರಮಿಸುತ್ತದೆ; ಪ್ರೇಕ್ಷಕನು ವಧೆಯನ್ನು ಕೇಳುತ್ತಾನೆ, ನೋಡುವುದಿಲ್ಲ. ಅಭಿಮಾನಿ ಭಂಡಾರದಲ್ಲಿ ಸೂಚನೆಯು ದರ್ಶನಕ್ಕೆ ಮುಂಚೆ ನಿಲ್ಲುತ್ತದೆ. ಯಾವ ವಸ್ತುವೂ ಅಲ್ಲಿ ವರ್ಜ್ಯವಲ್ಲ. ವರ್ಜಿಸುವ ಅಧಿಕಾರವು ಶಾಸ್ತ್ರಕಾರನಿಂದ ವಾಚಕನಿಗೆ ವರ್ಗವಾಗಿದೆ.

ಅಶ್ಲೀಲದೋಷದ ವಿಚಾರದಲ್ಲಿಯೂ ಇದೇ ಭೇದವು ಕಾಣುತ್ತದೆ. ವ್ರೀಡೆ, ಜುಗುಪ್ಸೆ, ಅಮಂಗಲ ಎಂಬ ಮೂರು ಬಗೆಯ ಅಶ್ಲೀಲವನ್ನು ಆಲಂಕಾರಿಕರು ಹೇಳಿದ್ದಾರೆ. ಭಂಡಾರದ ನಾಲ್ಕು ಎಚ್ಚರಿಕೆಗಳನ್ನು ಈ ಮೂರು ಗೂಡುಗಳಲ್ಲಿ ಹಂಚಿಡುವುದು ಕಷ್ಟವಲ್ಲ. ಮರಣವು ಅಮಂಗಲ, ವಿಶದವಾದ ಹಿಂಸೆಯು ಜುಗುಪ್ಸೆ. ಆದರೆ ಹೋಲಿಕೆಯು ಇಲ್ಲಿಗೇ ನಿಲ್ಲತಕ್ಕದ್ದು. ಆಲಂಕಾರಿಕನು ದೋಷವನ್ನು ಕಾಣುವುದು ಕೃತಿಯಲ್ಲಿ. ಕೆಲವು ದೋಷಗಳು ಅನಿತ್ಯವೆಂದು, ಸಂದರ್ಭವಿಶೇಷದಲ್ಲಿ ದೋಷಗಳೇ ಅಲ್ಲವೆಂದು ಒಪ್ಪಿಕೊಂಡಾಗಲೂ ಆ ಸಂದರ್ಭವು ಕೃತಿಯೊಳಗಿನದು, ರಸಕ್ಕೆ ಸಂಬಂಧಪಟ್ಟುದು. ಮುನ್ಸೂಚನೆಯ ಪದ್ಧತಿಯಲ್ಲಿ ಕೃತಿಗೆ ದೋಷಾರೋಪಣೆಯೇ ಇಲ್ಲ. ಒಬ್ಬನಿಗೆ ಕೇವಲ ಶೋಕಸ್ಥಾಯಿಯಾದುದು ಇನ್ನೊಬ್ಬಳಿಗೆ ಅವಳ ಜೀವನದ ಒಂದು ರಾತ್ರಿಯ ಪುನರಾವೃತ್ತಿಯಾಗಬಹುದು; ಕಥೆ ಒಂದೇ. ಇಲ್ಲಿ ಅನಿತ್ಯವಾದುದು ವಾಚಕ.

೨೦೦೯ರಲ್ಲಿ ಅಭಿಮಾನಿ ವಲಯಗಳಲ್ಲಿ ನಡೆದ ದೀರ್ಘವೂ ತೀಕ್ಷ್ಣವೂ ಆದ ವಾದವು ಈ ಬಿಂದುವಿನ ಸುತ್ತಲೇ ತಿರುಗಿತು. ಎಚ್ಚರಿಕೆಯು ಕೇವಲ ಸೌಜನ್ಯವೇ, ಅಥವಾ ಕರ್ತವ್ಯವೇ ಎಂಬುದು ಪ್ರಶ್ನೆ. ದೌರ್ಜನ್ಯವನ್ನು ಅನುಭವಿಸಿದ್ದ ಅನೇಕ ಸ್ತ್ರೀಯರು, ಅನಿರೀಕ್ಷಿತವಾಗಿ ಅಂತಹ ವರ್ಣನೆಯು ಎದುರಾದಾಗ ತಮ್ಮ ಶರೀರದಲ್ಲಿ ಏನಾಗುತ್ತದೆಂಬುದನ್ನು ಆಗ ಬರೆದರು. ಅಮೆರಿಕದ ಮನೋವೈದ್ಯ ಸಂಘವು ಆಘಾತೋತ್ತರ ಮನೋವ್ಯಾಧಿಯನ್ನು ತನ್ನ ರೋಗನಿರೂಪಣ ಗ್ರಂಥದಲ್ಲಿ ಸೇರಿಸಿದ್ದು ೧೯೮೦ರಲ್ಲಿ. ಈ ಎಚ್ಚರಿಕೆಗಳಿಗೆ ಬಂದ ಟ್ರಿಗರ್ ಎಂಬ ವಿಶೇಷಣವೂ ಆ ವ್ಯಾಧಿಯ ಪರಿಭಾಷೆಯಿಂದಲೇ ಇಳಿದುಬಂದುದು. ಅದರ ವಾಚ್ಯಾರ್ಥವು ಬಂದೂಕಿನ ಕುದುರೆಯೆಂದು. ರೂಪಕವಾಗಿ ನೋಡಿದರೆ ಕೆಟ್ಟದೇನೂ ಅಲ್ಲ. ಮದ್ದುಗುಂಡು ವಾಚಕನಲ್ಲಿ ಮೊದಲೇ ತುಂಬಿದೆ, ಕಥೆಯು ಬೆರಳು ಮಾತ್ರ. ಅಭಿನವಗುಪ್ತನ ನಿಜಸುಖಾದಿವಿವಶೀಭಾವವು ಇದಕ್ಕಿಂತ ಮೆದುವಾದ ಅವಸ್ಥೆಯನ್ನು ಉದ್ದೇಶಿಸಿದ್ದರೂ ಲಕ್ಷಣವು ಅದೇ: ತನ್ನ ದುಃಖವು ಪಾತ್ರದ ದುಃಖವಾಗಿ ಸಾಧಾರಣಗೊಳ್ಳುವುದಕ್ಕೆ ಬದಲಾಗಿ ಪಾತ್ರದ ದುಃಖವು ತನ್ನದಾಗಿಬಿಡುವುದು. ಕರುಣವು ಅಲ್ಲಿ ರಸವಾಗದೆ ಕೇವಲ ಲೌಕಿಕ ಶೋಕವಾಗಿ ಉಳಿಯುತ್ತದೆ. ಸಹೃದಯನೆಂಬ ಒಬ್ಬನೇ ಆದರ್ಶ ವಾಚಕನನ್ನು ಕಲ್ಪಿಸಿಕೊಂಡ ಶಾಸ್ತ್ರವು ಇಂತಹವಳನ್ನು ಏನೆಂದು ಕರೆಯಬೇಕು? ಅವಳ ಹೃದಯವು ಕಡಮೆಯದೆಂದು ಹೇಳುವುದಕ್ಕಂತೂ ಬಾಯಿ ಬಾರದು.

ಹೀಗಿದ್ದರೂ ಮುನ್ಸೂಚನೆಯು ಈ ವಿಘ್ನವನ್ನು ಪರಿಹರಿಸುತ್ತದೆಂದು ಹೇಳುವುದು ಆತುರದ ಮಾತಾದೀತು. ಅಭಿನವಗುಪ್ತನು ಸೂಚಿಸುವ ಪರಿಹಾರವೇ ಬೇರೆ. ಗಾನ, ವಾದ್ಯ, ರಂಗಮಂಟಪದ ವೈಚಿತ್ರ್ಯ, ಇವುಗಳಿಂದ ಪ್ರೇಕ್ಷಕನು ತನ್ನನ್ನು ತಾನು ಮರೆಯಬೇಕು. ಮುನ್ಸೂಚನೆಯು ಮಾಡುವುದು ಇದಕ್ಕೆ ನೇರ ವಿರುದ್ಧವಾದ ಕೆಲಸ. ಅದು ವಾಚಕನಿಗೆ ತನ್ನನ್ನು ನೆನಪಿಸುತ್ತದೆ. ಆಧುನಿಕ ಪ್ರಯೋಗಗಳೂ ಇದನ್ನೇ ಸೂಚಿಸುತ್ತಿವೆ. ಬ್ರಿಜ್‌ಲ್ಯಾಂಡ್, ಜೋನ್ಸ್, ಬೆಲೆಟ್ ಎಂಬ ಮನಶ್ಶಾಸ್ತ್ರಜ್ಞರು ಅದುವರೆಗೆ ನಡೆದಿದ್ದ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ೨೦೨೩ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಎಚ್ಚರಿಕೆಯನ್ನು ಓದಿದವರಿಗೆ ಅನಂತರ ವಸ್ತುವನ್ನು ಕಂಡಾಗ ಆಗುವ ಕ್ಲೇಶವು ಕಡಮೆಯಾಗಲಿಲ್ಲ; ವಸ್ತುವನ್ನು ಕಾಣುವುದಕ್ಕೆ ಮುಂಚಿನ ಆತಂಕವು ಮಾತ್ರ ಹೆಚ್ಚಿತು. ಮುನ್ಸೂಚನೆಯನ್ನು ಔಷಧವೆಂದು ಸಮರ್ಥಿಸುತ್ತಿದ್ದವರಿಗೆ ಇದು ಭಾರಿಯಾದ ಪೆಟ್ಟು. ಅದನ್ನು ವ್ಯರ್ಥವೆಂದು ತಳ್ಳಿಹಾಕುವುದಕ್ಕೆ ಈ ಫಲಿತಾಂಶವನ್ನು ಎತ್ತಿಹಿಡಿಯುವವರೂ ಕಡಮೆಯಿಲ್ಲ.

ಆದರೆ ಮುನ್ಸೂಚನೆಯು ಔಷಧವೆಂಬ ಪೂರ್ವಪಕ್ಷವೇ ಸರಿಯಲ್ಲ. ಪ್ರಯೋಗಶಾಲೆಯಲ್ಲಿ ಎಚ್ಚರಿಕೆಯನ್ನು ಕೊಟ್ಟು ವಾಕ್ಯಖಂಡವನ್ನೂ ಮುಂದಿಡುತ್ತಾರೆ, ಓದತಕ್ಕದ್ದು ಅದೊಂದೇ. ಭಂಡಾರದಲ್ಲಿ ವಾಚಕನ ಮುಂದೆ ಅದೇ ಪಾತ್ರಗಳ ಸಾವಿರ ಕಥೆಗಳಿವೆ. ಬಲಾತ್ಕಾರವೆಂಬ ಗುರುತುಳ್ಳವನ್ನೆಲ್ಲ ಪಟ್ಟಿಯಿಂದ ಬಿಟ್ಟುಬಿಡೆಂದು ಶೋಧಕಯಂತ್ರಕ್ಕೆ ಒಮ್ಮೆ ಹೇಳಿದರೆ, ಆ ಕಥೆಯ ಹೆಸರೂ ಅವಳ ಕಣ್ಣಿಗೆ ಬೀಳುವುದಿಲ್ಲ, ಎಚ್ಚರಿಕೆಯನ್ನು ಓದುವ ಆತಂಕವೂ ಇಲ್ಲ. ಇನ್ನೊಂದು ದಿನ ಮನಸ್ಸು ಗಟ್ಟಿಯಾಗಿದ್ದಾಗ ಅದೇ ಗುರುತನ್ನು ಹಿಡಿದು ಅವಳೇ ಅದನ್ನು ಹುಡುಕಿಕೊಂಡು ಹೋಗಲೂಬಹುದು. ಮುನ್ಸೂಚನೆಗೆ ತಕ್ಕ ಶಾಸ್ತ್ರೀಯ ಸ್ಥಾನವು ವಿಘ್ನಪರಿಹಾರದಲ್ಲಿ ಇಲ್ಲ, ಅನುಬಂಧಚತುಷ್ಟಯದಲ್ಲಿದೆ. ಶಾಸ್ತ್ರಗ್ರಂಥದ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ನಿರ್ದೇಶಿಸಬೇಕೆಂಬ ಸಂಪ್ರದಾಯವುಂಟಷ್ಟೆ. ಮುನ್ಸೂಚನೆಯು ವಿಷಯವನ್ನು ನಿರ್ದೇಶಿಸುತ್ತದೆ, ಅಧಿಕಾರಿ ಯಾರೆಂಬ ಪ್ರಶ್ನೆಯನ್ನು ಎತ್ತುತ್ತದೆ. ಶಾಸ್ತ್ರದಲ್ಲಿ ಆ ಪ್ರಶ್ನೆಗೆ ಉತ್ತರವನ್ನು ಕೊಡುವವನು ಗ್ರಂಥಕರ್ತ. ಇಲ್ಲಿ ಕೊಡುವವನು ವಾಚಕ. ಈ ವ್ಯತ್ಯಾಸವನ್ನು ಬಿಟ್ಟರೆ ಇದರಲ್ಲಿ ನವೀನವಾದುದು ಬಹಳವಿಲ್ಲ.

ಕಥೆಯ ಗುಟ್ಟನ್ನು ಮೊದಲೇ ಒಡೆಯುವುದರಿಂದ ರುಚಿ ಕೆಡುತ್ತದೆಂಬ ಆಕ್ಷೇಪಣೆಯನ್ನು ಕನ್ನಡ ವಾಚಕರೆದುರಿಗೆ ಬಹಳ ಚರ್ಚಿಸಬೇಕಾಗಿಲ್ಲ. ಕುಮಾರವ್ಯಾಸನ ಕರ್ಣಪರ್ವವನ್ನು ಗಮಕಿಯ ಬಾಯಿಂದ ಕೇಳುವುದಕ್ಕೆ ಕುಳಿತವರಲ್ಲಿ ಕರ್ಣನು ಸಾಯುವನೋ ಉಳಿಯುವನೋ ಎಂಬ ಸಂದೇಹವಿದ್ದವನು ಒಬ್ಬನಾದರೂ ಇದ್ದಿರಲಾರನು. ಮಹಾಕಾವ್ಯದ ಮುಖದಲ್ಲಿ ವಸ್ತುನಿರ್ದೇಶವು ಇರಬಹುದೆಂದು ದಂಡಿಯ ಕಾಲದಿಂದಲೂ ಒಪ್ಪಿದೆ. ಆಕಸ್ಮಿಕತೆಯೇ ಜೀವಾಳವಾದ ಪತ್ತೇದಾರಿ ಕಥೆಗೆ ಆಕ್ಷೇಪಣೆಯು ಹೊಂದೀತು. ಅಂತಹ ಕಥೆಯವನಿಗೆ ಮೌನದ ಗುರುತು ಇದ್ದೇ ಇದೆ.

ಗುರುತುಗಳು ದೂರವಿಡುವುದಕ್ಕೆ ಮಾತ್ರವಲ್ಲದೆ ಸೆಳೆಯುವುದಕ್ಕೂ ಬಳಕೆಯಾಗುತ್ತವೆಂಬುದು ಇಲ್ಲಿ ವಿನೋದಕರವಾದ ಒಂದು ಪ್ರಸಂಗ. ಕಡ್ಡಾಯವಾದ ನಾಲ್ಕರ ಮೇಲೆ ಕರ್ತೃವು ತನಗೆ ತೋಚಿದ ಟ್ಯಾಗುಗಳನ್ನು, ಎಂದರೆ ಗುರುತುಪದಗಳನ್ನು, ಸೇರಿಸಬಹುದು. ಒಂದೇ ಅರ್ಥದ ನೂರು ರೂಪಗಳನ್ನು ಸ್ವಯಂಸೇವಕರು ಒಂದು ಪ್ರಮಾಣರೂಪಕ್ಕೆ ಗಂಟುಹಾಕುತ್ತಾರೆ. ಕೋಶಕಾರರಿಗೆ ಸೋಜಿಗವನ್ನುಂಟುಮಾಡಬಲ್ಲ ಪರಿಶ್ರಮವದು. ಇವುಗಳಲ್ಲಿ ಸತ್ತ ಪಾರಿವಾಳ, ತಿನ್ನಬೇಡಿ ಎಂಬರ್ಥದ ಗುರುತೊಂದು ಪ್ರಸಿದ್ಧವಾಗಿದೆ. ಅರೆಸ್ಟೆಡ್ ಡೆವಲಪ್‌ಮೆಂಟ್ ಎಂಬ ಅಮೆರಿಕದ ಹಾಸ್ಯಮಾಲೆಯಲ್ಲಿ ಒಬ್ಬನು ಶೀತಪೆಟ್ಟಿಗೆಯೊಳಗೆ ಈ ಬರಹವುಳ್ಳ ಚೀಲವನ್ನು ಕಂಡು ಬಿಚ್ಚಿನೋಡುತ್ತಾನೆ. ಒಳಗೆ ಸತ್ತ ಪಾರಿವಾಳವೇ ಇರುತ್ತದೆ. ಮೇಲೆ ಬರೆದಿರುವುದೆಲ್ಲ ಅಕ್ಷರಶಃ ನಿಜ, ಅನಂತರ ದೂರಬೇಡಿರಿ ಎಂಬುದು ಈ ಗುರುತಿನ ತಾತ್ಪರ್ಯ. ಎಚ್ಚರಿಕೆಗೂ ಎಚ್ಚರಿಕೆಯೊಂದು ಬೇಕಾಯಿತೆಂದರೆ, ಮೊದಲಿನ ಎಚ್ಚರಿಕೆಗಳನ್ನು ಜನರು ಜಾಹೀರಾತೆಂದೋ ಶೋಭೆಯೆಂದೋ ಭಾವಿಸತೊಡಗಿದ್ದರೆಂದೇ ಅರ್ಥ.

ನಾಲ್ಕೇ ಏಕೆ ಎಂಬ ಪ್ರಶ್ನೆಯು ಇದಕ್ಕಿಂತ ಗಂಭೀರವಾದುದು. ಆತ್ಮಹತ್ಯೆ ಆ ಪಟ್ಟಿಯಲ್ಲಿಲ್ಲ. ಜನಾಂಗದ್ವೇಷವೂ ಇಲ್ಲ, ೨೦೨೦ರಲ್ಲಿ ಅಮೆರಿಕದಲ್ಲಿ ವರ್ಣದ್ವೇಷದ ವಿರುದ್ಧ ಚಳವಳಿಯು ಎದ್ದಾಗ, ಕಪ್ಪುವರ್ಣದ ಅಭಿಮಾನಿಗಳು ಈ ಲೋಪವನ್ನು ಭಂಡಾರದವರ ಮುಂದೆ ಬಲವಾಗಿ ಎತ್ತಿದರು. ಬಲಾತ್ಕಾರದ ವರ್ಣನೆಯಿದೆಯೆಂದು ಕರ್ತೃವು ಬಲ್ಲನು, ಹೇಳಬಲ್ಲನು. ತನ್ನ ಕಥೆಯಲ್ಲಿ ಜನಾಂಗದ್ವೇಷವಿದೆಯೆಂದು ಅದನ್ನು ಅರಿಯದೆ ಬರೆದವನು ಹೇಗೆ ತಾನೇ ಸೂಚಿಸಿಯಾನು? ಸ್ವಯಂಸೂಚನೆಯ ಪದ್ಧತಿಗೆ ಇದು ಸ್ವಾಭಾವಿಕವಾದ ಎಲ್ಲೆ: ಕರ್ತೃವಿನ ಕಣ್ಣಿಗೆ ಕಂಡುದನ್ನು ಮಾತ್ರ ಅದು ವಾಚಕನಿಗೆ ತಿಳಿಸಬಲ್ಲದು. ಮುಂದೆ ಅನಪೇಕ್ಷಿತ ಕರ್ತೃಗಳನ್ನು ವಾಚಕನು ತನ್ನ ದೃಷ್ಟಿಯಿಂದ ಮರೆಮಾಡಿಕೊಳ್ಳುವ ಸೌಕರ್ಯವು ಭಂಡಾರದಲ್ಲಿ ಬಂದಿತು. ಅದು ಉಪಯುಕ್ತವೇ ಆದರೂ ಆಕ್ಷೇಪಣೆಗೆ ಉತ್ತರವಲ್ಲ, ಆಕ್ಷೇಪಿಸಿದವನ ಕೈಗೇ ಕೆಲಸವನ್ನು ಹಿಂದಿರುಗಿಸಿದಂತೆ.

ಇಲ್ಲಿಯವರೆಗೆ ಹೇಳಿದುದು ಮೂರನೆಯ ವಿಘ್ನದ ವಿಚಾರ. ನಾಲ್ಕನೆಯದಾದ ಪ್ರತೀತ್ಯುಪಾಯವೈಕಲ್ಯದ ಕಡೆಗೆ ತಿರುಗಿದರೆ, ಇದೇ ಜನರ ವಿವೇಚನೆಯು ಹಠಾತ್ತನೆ ತೆಳುವಾಗುವುದು ಕಾಣುತ್ತದೆ. ಅಭಿನವಗುಪ್ತನು ಈ ಪದದಿಂದ ಪ್ರೇಕ್ಷಕನ ಅಂಗವೈಕಲ್ಯವನ್ನು ಹೇಳಲಿಲ್ಲ, ವೈಕಲ್ಯವು ಉಪಾಯದ್ದು. ಅವನ ಉದ್ದೇಶವು ಅಭಿನಯಾದಿ ಸಾಮಗ್ರಿಯ ಕೊರತೆಯಾಗಿದ್ದರೂ ಪದದ ರಚನೆಯು ಅರ್ಥಗರ್ಭಿತವಾಗಿದೆ. ಅಂಧನಾದ ವಾಚಕನಿಗೆ ಒಂದು ಚಿತ್ರವು ತಿಳಿಯದೆ ಹೋದರೆ ಕೊರತೆಯು ಅವನದಲ್ಲ, ಚಿತ್ರವನ್ನು ಅವನಿಗೆ ತಲಪಿಸುವ ಸಾಧನದ್ದು ಎಂದು ಇಂದಿನ ಅಂಗವಿಕಲರ ಹಕ್ಕಿನ ವಾದಿಗಳು ಹೇಳುವ ಮಾತನ್ನು ಈ ಸಮಾಸವು ತನ್ನಲ್ಲಿ ಹಿಡಿಸಿಕೊಳ್ಳಬಲ್ಲದು.

ಅಭಿಮಾನಿಗಳ ಕೃತಿಗಳೆಲ್ಲ ಕಥೆಗಳಲ್ಲ. ಚಲಚ್ಚಿತ್ರದ ತುಣುಕುಗಳನ್ನು ಹಾಡಿಗೆ ಹೊಂದಿಸಿ ಕಟ್ಟುವ ದೃಶ್ಯಕೃತಿಗಳೂ ಉಂಟು. ಕ್ಯಾಂಡಿ ಫಾಂಗ್ ಎಂಬಾಕೆಯು ೧೯೭೫ರಲ್ಲಿ ಸ್ಟಾರ್ ಟ್ರೆಕ್‌ನ ಸ್ಥಿರಚಿತ್ರಗಳನ್ನು ಹಾಡಿನೊಡನೆ ಪ್ರದರ್ಶಿಸಿದಳೆಂಬುದರಿಂದ ಇವುಗಳ ಚರಿತ್ರೆಯನ್ನು ಆರಂಭಿಸುವುದು ರೂಢಿ. ಇಂತಹ ಕೃತಿಗಳಲ್ಲಿ ಬೆಳಕು ವೇಗವಾಗಿ ಮಿನುಗಿದರೆ, ಅಪಸ್ಮಾರದ ಒಂದು ಬಗೆಯುಳ್ಳವರಿಗೆ ಅದು ದುಃಖಸ್ಮರಣೆಯನ್ನಲ್ಲ, ಮೂರ್ಛೆಯನ್ನೇ ತರಬಹುದು. ಜಪಾನಿನಲ್ಲಿ ೧೯೯೭ರ ಡಿಸೆಂಬರ್ ೧೬ರಂದು ಪೋಕೆಮಾನ್ ಮಾಲೆಯ ಒಂದು ಕಂತಿನಲ್ಲಿ ಕೆಂಪುನೀಲಿ ಬೆಳಕು ಕೆಲವು ಕ್ಷಣ ಮಿನುಗಿದ ಪರಿಣಾಮವಾಗಿ ಆರುನೂರಕ್ಕೂ ಹೆಚ್ಚು ಮಂದಿಯನ್ನು, ಅವರಲ್ಲಿ ಬಹುಪಾಲು ಮಕ್ಕಳನ್ನು, ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಂತರ್ಜಾಲದ ಪುಟಗಳಿಗೆ ೨೦೦೮ರಲ್ಲಿ ವಿಧಿಸಿದ ಅಂತಾರಾಷ್ಟ್ರೀಯ ಸುಗಮತಾ ನಿಯಮವು, ಒಂದು ಕ್ಷಣದಲ್ಲಿ ಮೂರಕ್ಕಿಂತ ಹೆಚ್ಚು ಸಲ ಯಾವುದೂ ಮಿನುಗಬಾರದೆಂದು ಸ್ಥೂಲವಾಗಿ ಹೇಳುತ್ತದೆ. ದುಃಖವನ್ನು ಅಳೆಯಲಾಗದು, ಮಿನುಗನ್ನು ಅಳೆಯಬಹುದು. ಅಳೆಯಬಹುದಾದ ಅಪಾಯವು ಭಂಡಾರದ ಕಡ್ಡಾಯವಾದ ನಾಲ್ಕರಲ್ಲಿ ಸೇರಿಲ್ಲ. ಅದನ್ನು ಹೇಳುವುದೂ ಬಿಡುವುದೂ ಕರ್ತೃವಿನ ಇಚ್ಛೆ. ಪ್ರಧಾನಪಾತ್ರದ ಮರಣಕ್ಕೆ ದೊರೆತ ಸ್ಥಾನವು ವಾಚಕನ ಮೂರ್ಛೆಗೆ ದೊರೆಯಲಿಲ್ಲ.

ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಬಲಾತ್ಕಾರದ ಎಚ್ಚರಿಕೆಗಾಗಿ ವಾದಿಸಿದವರು ತಾವೇ ಬರೆಯುವವರೂ ಓದುವವರೂ ಆಗಿದ್ದರು. ನೋವೂ ಲೇಖನಿಯೂ ಒಂದೇ ಕೈಯಲ್ಲಿದ್ದುವು. ಅಂಧರು, ಬಧಿರರು, ಅಪಸ್ಮಾರಿಗಳು ಆ ಸಮಾಜದಲ್ಲಿ ಇದ್ದರೂ ನಿಯಮವನ್ನು ರಚಿಸುವಷ್ಟು ಸಂಖ್ಯೆಯಲ್ಲಿ ಇರಲಿಲ್ಲ. ಭಂಡಾರವು ಮುಖ್ಯವಾಗಿ ಬರಹಕ್ಕೆಂದು ಕಟ್ಟಿದುದು, ಚಿತ್ರಗಳನ್ನು ಅದು ತನ್ನಲ್ಲಿ ಇರಿಸಿಕೊಳ್ಳುವುದೂ ಇಲ್ಲ ಎಂಬ ಸಮಾಧಾನವನ್ನೂ ಹೇಳಬಹುದು. ಬರಹದ ಮಟ್ಟಿಗೆ ಅಲ್ಲಿನ ಏರ್ಪಾಡು ಮೆಚ್ಚತಕ್ಕದ್ದೇ ಆಗಿದೆ. ಪ್ರತಿಯೊಂದು ಕಥೆಯನ್ನೂ ಬೇರೆ ಬೇರೆ ಪುಸ್ತಕರೂಪಗಳಲ್ಲಿ ಇಳಿಸಿಕೊಂಡು ತನಗೆ ಒಗ್ಗುವ ಸಾಧನದಲ್ಲಿ ಓದಬಹುದು. ಕರ್ತೃವು ಶೋಭೆಗಾಗಿ ಅಕ್ಷರಗಳಿಗೆ ಬಣ್ಣವನ್ನೋ ದೂರವಾಣಿ ಸಂದೇಶಗಳ ಆಕಾರವನ್ನೋ ತೊಡಿಸಿದ್ದರೆ, ವಾಚಕನು ಒಂದು ಗುಂಡಿಯನ್ನೊತ್ತಿ ಆ ವೇಷವನ್ನು ಕಳಚಿ ಬರಿಯ ಮಾತನ್ನು ಓದಬಹುದು. ೨೦೦೯ರಲ್ಲಿಯೇ ತೆರೆದ ಡ್ರೀಮ್‌ವಿಡ್ತ್ ಎಂಬ ದಿನಚರಿತಾಣವು ಸುಗಮತೆಯನ್ನು ಆರಂಭದಿಂದಲೂ ತನ್ನ ಉದ್ದೇಶಗಳಲ್ಲಿ ಒಂದಾಗಿ ಇಟ್ಟುಕೊಂಡಿತು. ಅಭಿಮಾನಿಗಳೇ ಕಥೆಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸುವ ಪಾಡ್‌ಫಿಕ್ ಎಂಬ ಪ್ರಕಾರವಂತೂ ಗಮಕಕಲೆಯ ದೂರದ ಬಂಧುವಿನಂತೆ ತೋರುತ್ತದೆ. ಅಕ್ಷರ ಬಾರದವರಿಗೂ ಭಾರತವನ್ನು ಮುಟ್ಟಿಸಿದ ಗಮಕಿಯು ದಯೆಯಿಂದ ಓದಿದವನಲ್ಲ, ಓದುವ ಸಂತೋಷಕ್ಕಾಗಿ ಓದಿದವನು. ಪಾಡ್‌ಫಿಕ್ಕಿನ ವಾಚಕಿಯೂ ಹಾಗೆಯೇ. ಸುಗಮತೆಯು ಇಲ್ಲಿ ಕಲೆಯ ಬೆನ್ನಿಗೆ ತಾನಾಗಿ ಬಂದಿದೆ.

ಎರಡು ವಿಘ್ನಗಳ ಪರಿಹಾರಗಳು ಒಂದಕ್ಕೊಂದು ಡಿಕ್ಕಿಹೊಡೆಯುವ ಸಂದರ್ಭವೂ ಉಂಟು. ಚೀನೀ ಕಾದಂಬರಿಯೊಂದರ ಪಾತ್ರಗಳನ್ನು ಆಶ್ರಯಿಸಿದ ಒಂದು ದೀರ್ಘಕಥೆಗೆ ಅದರ ಕರ್ತೃವು ಸಾವಿರಕ್ಕೂ ಮಿಕ್ಕ ಟ್ಯಾಗುಗಳನ್ನು ಅಂಟಿಸಿದ್ದನು. ಶೋಧಿಸುವವರ ಪಟ್ಟಿಯಲ್ಲಿ ಆ ಕಥೆಯು ಬಂದಾಗಲೆಲ್ಲ ತೆರೆಯು ಗುರುತುಗಳಿಂದಲೇ ತುಂಬಿಹೋಗುತ್ತಿತ್ತು. ಕಣ್ಣುಳ್ಳವರು ಬೇಸತ್ತು ಕೆಳಕ್ಕೆ ಜಾರಿಸಿದರು. ಬರಹವನ್ನು ಧ್ವನಿಯಾಗಿ ಓದಿಹೇಳುವ ಯಂತ್ರವನ್ನು ನೆಚ್ಚಿದವರ ಅವಸ್ಥೆಯನ್ನು ಹೇಳುವಂತಿಲ್ಲ, ಸಾವಿರ ಪದಗಳನ್ನು ಅವರು ಕೇಳಬೇಕು ಅಥವಾ ಹಾರಿಸುವ ದಾರಿಯನ್ನು ತಡಕಾಡಬೇಕು. ವಾಚಕನ ಹಿತಕ್ಕೆಂದು ಹುಟ್ಟಿದ ಪದ್ಧತಿಯೇ ಉಪಾಯವೈಕಲ್ಯವಾಗಿ ಪರಿಣಮಿಸಿದುದಕ್ಕೆ ಇದು ಉದಾಹರಣೆ. ೨೦೨೧ರಲ್ಲಿ ಭಂಡಾರದವರು ಒಂದು ಕೃತಿಗೆ ಎಪ್ಪತ್ತೈದಕ್ಕಿಂತ ಹೆಚ್ಚು ಟ್ಯಾಗುಗಳನ್ನು ಇಡಕೂಡದೆಂದು ನಿಯಮಿಸಿದರು. ಕಡ್ಡಾಯವಾದ ಶ್ರೇಣಿಯೂ ಎಚ್ಚರಿಕೆಗಳೂ ಈ ಲೆಕ್ಕದಿಂದ ಹೊರಗೆ.

ಚಿತ್ರಗಳಿಗೆ ಬರೆಯಬೇಕಾದ ಮಾತಿನ ವಿವರಣೆಯು ಇನ್ನೂ ಬೆಳೆಯದೆ ಉಳಿದಿರುವ ಭಾಗ. ಪುಟದಲ್ಲಿ ಚಿತ್ರವನ್ನು ಸೇರಿಸುವಾಗ ಅದಕ್ಕೊಂದು ಬದಲಿವಾಕ್ಯವನ್ನು ಕೊಡುವ ಸ್ಥಳವು ಅಂತರ್ಜಾಲದ ಭಾಷೆಯಲ್ಲಿ ಮೊದಲಿನಿಂದಲೂ ಇದೆ. ಅನೇಕರು ಅದನ್ನು ಬರಿದಾಗಿ ಬಿಡುತ್ತಾರೆ, ಇಲ್ಲವೆ ಚಿತ್ರವೆಂಬ ಒಂದೇ ಪದವನ್ನು ಬರೆದು ಕೈತೊಳೆದುಕೊಳ್ಳುತ್ತಾರೆ. ಚೆನ್ನಾಗಿ ಬರೆಯುವುದಕ್ಕೆ ಬೇಕಾದ ಶಕ್ತಿಯು ಕಡಮೆಯದಲ್ಲ. ಇಬ್ಬರು ಮಳೆಯಲ್ಲಿ ನಿಂತಿದ್ದಾರೆ ಎಂದರೆ ಸಾಲದು. ಅವರಲ್ಲಿ ಒಬ್ಬನು ಇನ್ನೊಬ್ಬನ ಭುಜದ ಮೇಲೆ ಕೈಯಿಟ್ಟಿದ್ದಾನೆಯೇ, ಆ ಕೈ ತಡೆಯುತ್ತಿದೆಯೇ ಕರೆಯುತ್ತಿದೆಯೇ, ಮೂಲಕಥೆಯ ಯಾವ ಪ್ರಸಂಗವನ್ನು ಅದು ನೆನೆಸುತ್ತದೆ ಎಂಬುದನ್ನು ಹೇಳಬೇಕು. ಹೆಚ್ಚು ಹೇಳಿದರೆ ಕೇಳುವವನಿಗೆ ಉಳಿಯಬೇಕಾದ ಅರ್ಥವನ್ನು ಬರೆದವನೇ ತಿಂದುಹಾಕಿದಂತಾಗುತ್ತದೆ. ಕಡಮೆ ಹೇಳಿದರೆ ಚಿತ್ರವೇ ಇಲ್ಲ. ಕವಿಸಮಯವನ್ನೂ ವಿಭಾವಾನುಭಾವಗಳನ್ನೂ ಬಲ್ಲವನಿಗೆ ಇದು ಒಳ್ಳೆಯ ಅಭ್ಯಾಸವಾಗಬಹುದಾಗಿದೆ. ಅಭಿಮಾನಿಗಳಲ್ಲಿ ಕೆಲವರು ತಮ್ಮವಲ್ಲದ ಚಿತ್ರಗಳ ಕೆಳಗೂ ಇಂತಹ ವಿವರಣೆಗಳನ್ನು ಹೆಸರಿಲ್ಲದೆ ಬರೆದು ಸೇರಿಸುತ್ತಿದ್ದಾರೆ. ಚಿತ್ರವನ್ನು ಬರೆದವರು ಅವನ್ನು ಮೇಲಕ್ಕೆತ್ತಿ ತಮ್ಮ ಪುಟದಲ್ಲಿ ಸೇರಿಸಿಕೊಳ್ಳುವುದೂ ಉಂಟು, ಸೇರಿಸದೆ ಹಾಗೆಯೇ ಬಿಡುವುದೂ ಉಂಟು.